ಬ್ರಿಟನ್‌ನಿಂದ ಐರ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಅರ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್‌ನಲ್ಲಿ ಓದುತ್ತಿರುವ ಹದಿನೇಳು, ಹದಿನೆಂಟರ ಮಕ್ಕಳಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯಲಾಗಿದೆ. ಐರ್ಲೆಂಡ್ ಎಂದರೆ ಇಲ್ಲಿ ಡಬ್ಲಿನ್ ರಾಜಧಾನಿಯಾಗಿರುವ ಗಣರಾಜ್ಯ. ಬೆಲ್‌ಫಾಸ್ಟ್‌ನ ಕ್ವೀನ್ಸ್ ಮತ್ತು ಅಲ್‌ಸ್ಟರ್ ವಿಶ್ವವಿದ್ಯಾಲಯಗಳು ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡಿನವು. ಅವಕ್ಕೆ ಎಂದಿನಂತೆ ಬ್ರಿಟನ್‌ನ ವಿಶ್ವವಿದ್ಯಾಲಯಗಳ ಕೇಂದ್ರ ಅರ್ಜಿ ವ್ಯವಸ್ಥೆಯಾದ ಯುಕಾಸ್ ಮೂಲಕವೇ ಅರ್ಜಿ ಹಾಕಬೇಕು. ಆ ವಿಷಯ ಇಲ್ಲಿಲ್ಲ.

ಯುಕಾಸ್ ಅರ್ಜಿಯಲ್ಲೇ ಡಬ್ಲಿನ್‌ನ ಟ್ರಿನಿಟಿ ಕಾಲೇಜನ್ನೂ ಸೇರಿಸಬಹುದೇ?

ಆಗುವುದಿಲ್ಲ. ಐರ್ಲೆಂಡಿನ ಪದವಿ ಪ್ರವೇಶವನ್ನು ನೋಡಿಕೊಳ್ಳುವುದು ಗಾಲ್ವೇ ನಗರದಲ್ಲಿರುವ ಕೇಂದ್ರ ಅರ್ಜಿ ಕಚೇರಿ. ಎಲ್ಲರ ಬಾಯಲ್ಲೂ ಅದು ಸಿಎಒ. ಟ್ರಿನಿಟಿ, ಯುಸಿಡಿ (ಯೂನಿವರ್ಸಿಟಿ ಕಾಲೇಜ್ ಡಬ್ಲಿನ್), ಡಿಸಿಯು (ಡಬ್ಲಿನ್ ಸಿಟಿ ಯೂನಿವರ್ಸಿಟಿ), ಕಾರ್ಕ್, ಗಾಲ್ವೇ, ಮೇನೂತ್, ಲಿಮೆರಿಕ್, ತಾಂತ್ರಿಕ ವಿಶ್ವವಿದ್ಯಾಲಯಗಳು, ಎಲ್ಲಕ್ಕೂ ಒಂದೇ ಅರ್ಜಿ. ಯುಕಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಬಹುದು. ಒಂದರಲ್ಲಿ ಅರ್ಜಿ ಹಾಕಿದ್ದನ್ನು ಇನ್ನೊಂದರಲ್ಲಿ ಹೇಳಬೇಕಾಗಿಯೂ ಇಲ್ಲ.

ಎಲ್ಲಕ್ಕಿಂತ ಮೊದಲು ಏನನ್ನು ನೋಡಿಕೊಳ್ಳಬೇಕು?

ಪಾಸ್‌ಪೋರ್ಟನ್ನು. ಅಂಕಗಳ ಲೆಕ್ಕವೆಲ್ಲ ಆಮೇಲೆ.

ಬ್ರಿಟಿಷ್ ಮತ್ತು ಐರಿಶ್ ಪೌರರು ಪರಸ್ಪರರ ದೇಶದಲ್ಲಿ ವೀಸಾ ಇಲ್ಲದೆ ವಾಸಿಸಬಹುದು, ಓದಬಹುದು, ದುಡಿಯಬಹುದು. ಸಾಮಾನ್ಯ ಪ್ರಯಾಣ ವಲಯ ಎಂಬ ಹಳೆಯ ಏರ್ಪಾಡು ಇದಕ್ಕೆ ಆಧಾರ. ಬ್ರೆಕ್ಸಿಟ್‌ನಿಂದ ಅದು ಅಲುಗಾಡಬಾರದೆಂದು ಎರಡೂ ಸರ್ಕಾರಗಳು 2019ರ ಮೇ ತಿಂಗಳಲ್ಲಿ ಮತ್ತೆ ಸಹಿ ಹಾಕಿದವು. ಆದರೆ ಈ ಹಕ್ಕು ಪೌರತ್ವಕ್ಕೆ ಅಂಟಿಕೊಂಡಿದೆ, ವಿಳಾಸಕ್ಕಲ್ಲ. ಮಿಲ್ಟನ್ ಕೀನ್ಸ್‌ನಲ್ಲಿ ಹತ್ತು ವರ್ಷ ಶಾಲೆಗೆ ಹೋದ ಹುಡುಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ರಿಟನ್‌ನ ಕಾಯಂ ವಾಸದ ಪರವಾನಗಿ ಇದ್ದರೂ, ಐರ್ಲೆಂಡಿನ ಲೆಕ್ಕದಲ್ಲಿ ಅವನು ಹೊರಗಿನವನೇ. ಅವನಿಗೆ ಐರಿಶ್ ವಿದ್ಯಾರ್ಥಿ ವೀಸಾ ಬೇಕು. ಸಿಎಒ ಬದಲು ಬಹುಪಾಲು ಕಡೆ ನೇರವಾಗಿ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿಭಾಗಕ್ಕೆ ಅರ್ಜಿ ಹಾಕಬೇಕು. ಶುಲ್ಕ ವರ್ಷಕ್ಕೆ 20 ಸಾವಿರ ಯೂರೊ ದಾಟುವುದು ಸಾಮಾನ್ಯ. ವೈದ್ಯಕೀಯವಾದರೆ 50 ಸಾವಿರದ ಮೇಲೆ.

ಬ್ರಿಟನ್‌ನಲ್ಲಿರುವ ಕನ್ನಡ ಕುಟುಂಬಗಳಲ್ಲಿ ಈ ಗೊಂದಲ ತೀರಾ ಸಾಮಾನ್ಯ. ಅಪ್ಪ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ವೈದ್ಯರು, ಅಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ, ಅಕ್ಕನಿಗೆ ಬ್ರಿಟಿಷ್ ಪಾಸ್‌ಪೋರ್ಟ್, ತಮ್ಮನದು ಮಾತ್ರ "ಆಮೇಲೆ ಮಾಡಿಸಿದರಾಯಿತು" ಎಂದು ಉಳಿದುಬಿಟ್ಟಿರುತ್ತದೆ. ಬ್ರಿಟನ್‌ನಲ್ಲೇ ಹುಟ್ಟಿದ ಮಗುವಿನ ಅಪ್ಪ ಅಥವಾ ಅಮ್ಮನಿಗೆ ಆಮೇಲೆ ಕಾಯಂ ವಾಸ ಸಿಕ್ಕಿದ್ದರೆ, ಹದಿನೆಂಟು ತುಂಬುವ ಮೊದಲು ಮಗುವನ್ನು ಬ್ರಿಟಿಷ್ ಪೌರನಾಗಿ ನೋಂದಾಯಿಸಬಹುದು. ಶುಲ್ಕ ದುಬಾರಿ, ನಿಜ. ಭಾರತದ ಪೌರತ್ವ ಬಿಟ್ಟು ಒಸಿಐ (ಸಾಗರೋತ್ತರ ಭಾರತೀಯ ಪೌರರ ಕಾರ್ಡ್) ಮಾಡಿಸಿಕೊಳ್ಳುವ ಓಡಾಟವೂ ಉಂಟು. ಅದನ್ನು ಮನೆಯಲ್ಲಿ ಕುಳಿತು ಮಾತನಾಡಿ ತೀರ್ಮಾನಿಸಿ. ಆದರೆ ತೀರ್ಮಾನ ಅರ್ಜಿಗೆ ಮುಂಚೆ ಆಗಿರಲಿ.

ಭಾರತದ ಪಾಸ್‌ಪೋರ್ಟ್ ಇರುವ ಮಗಳನ್ನು ಕಾಲೇಜು ತೋರಿಸಲು ಡಬ್ಲಿನ್‌ಗೆ ಕರೆದುಕೊಂಡು ಹೋಗಬಹುದಲ್ಲ?

ಅದಕ್ಕೂ ಐರಿಶ್ ವೀಸಾ ಬೇಕು. ಬೆಲ್‌ಫಾಸ್ಟ್‌ನಿಂದ ಬಸ್ ಹತ್ತಿದರೆ ಗಡಿಯಲ್ಲಿ ಯಾರೂ ನಿಲ್ಲಿಸಿ ಕೇಳದಿರಬಹುದು. ಹಾಗೆಂದು ಕಾನೂನು ಬದಲಾಗುವುದಿಲ್ಲ. ಮುಂದೆ ವೀಸಾ ಅರ್ಜಿ ಹಾಕಬೇಕಾದ ಹುಡುಗಿಯ ದಾಖಲೆಯಲ್ಲಿ ಅಂಥ ಕಲೆ ಬೇಡ.

ಶುಲ್ಕ ಉಚಿತ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಮೊದಲ ಬಾರಿಗೆ ಪೂರ್ಣಾವಧಿ ಪದವಿ ಓದುವವರ ಬೋಧನಾ ಶುಲ್ಕವನ್ನು ಐರಿಶ್ ಸರ್ಕಾರವೇ ಕಟ್ಟುತ್ತದೆ. ಬ್ರಿಟಿಷ್ ಪೌರರಿಗೂ ಇದು ಅನ್ವಯಿಸುತ್ತದೆ. ವಿದ್ಯಾರ್ಥಿ ಕಟ್ಟಬೇಕಾದದ್ದು ವಾರ್ಷಿಕ ವಂತಿಕೆ ಮಾತ್ರ. ಅದು ಬಹುಕಾಲ 3,000 ಯೂರೊ ಇತ್ತು. ಕೆಲವು ವರ್ಷ ತಾತ್ಕಾಲಿಕ ರಿಯಾಯಿತಿಯಲ್ಲಿ 2,000ಕ್ಕೆ ಇಳಿದು, 2026ರ ಬಜೆಟ್‌ನಲ್ಲಿ 2,500 ಎಂದು ನಿಗದಿಯಾಯಿತು.

ಷರತ್ತುಗಳಿವೆ. ಕೋರ್ಸ್ ಸೇರುವ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಬ್ರಿಟನ್, ಐರೋಪ್ಯ ಒಕ್ಕೂಟ ಅಥವಾ ಐರೋಪ್ಯ ಆರ್ಥಿಕ ವಲಯದ ದೇಶಗಳಲ್ಲಿ ವಾಸವಾಗಿರಬೇಕು. ಕೈಯಲ್ಲಿ ಈಗಾಗಲೇ ಪದವಿ ಇರಬಾರದು. ನಪಾಸಾಗಿ ಅದೇ ವರ್ಷವನ್ನು ಮತ್ತೆ ಓದಿದರೆ ಸಾಮಾನ್ಯವಾಗಿ ಆ ವರ್ಷದ ಹಣ ಸರ್ಕಾರದಿಂದ ಬರುವುದಿಲ್ಲ.

ವಾಸದ ಷರತ್ತು ಯಾರಿಗೆ ಕುತ್ತಾಗುತ್ತದೆ ಗೊತ್ತೇ? ಬ್ರಿಟನ್ ಬಿಟ್ಟು ಬೆಂಗಳೂರಿಗೆ ಮರಳಿದ ಕುಟುಂಬಗಳಿಗೆ. ಮಗನ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ವೈಟ್‌ಫೀಲ್ಡ್‌ನ ಅಂತಾರಾಷ್ಟ್ರೀಯ ಶಾಲೆಯಲ್ಲಿ ಎ-ಲೆವೆಲ್ (ಬ್ರಿಟನ್‌ನ ಶಾಲೆಯ ಕೊನೆಯ ಹಂತದ ಪರೀಕ್ಷೆ) ಕೂಡ ಓದುತ್ತಿದ್ದಾನೆ. ಆದರೆ ಐದು ವರ್ಷದಿಂದ ಬೆಂಗಳೂರಿನಲ್ಲೇ ಇದ್ದಾನೆ. ಅವನಿಗೆ ವೀಸಾ ಬೇಡ, ಆದರೆ ಉಚಿತ ಬೋಧನೆಯೂ ಇಲ್ಲ.

ಹಾಗಾದರೆ ಇಂಗ್ಲೆಂಡಿಗಿಂತ ಅಗ್ಗವೇ?

ಶುಲ್ಕ ಮಾತ್ರ ನೋಡಿದರೆ ಹೋಲಿಕೆಯೇ ಇಲ್ಲ. ಇಂಗ್ಲೆಂಡಿನಲ್ಲಿ 2025ರಲ್ಲಿ ವರ್ಷಕ್ಕೆ 9,535 ಪೌಂಡ್ ಇತ್ತು. ಆ ಲೆಕ್ಕದಲ್ಲಿ ಮೂರು ವರ್ಷಕ್ಕೆ 28,605. ಐರ್ಲೆಂಡಿನಲ್ಲಿ ನಾಲ್ಕು ವರ್ಷದ ಪದವಿಗೆ 10,000 ಯೂರೊ.

ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಸಂಭ್ರಮಿಸುವವರು ಎರಡು ಮಾತು ಮರೆಯುತ್ತಾರೆ. ಇಂಗ್ಲೆಂಡಿನ ಶುಲ್ಕವನ್ನು ವಿದ್ಯಾರ್ಥಿ ಸಾಲ ಭರಿಸುತ್ತದೆ. ಕೆಲಸ ಸಿಕ್ಕಿ, ಸಂಬಳ ಒಂದು ಮಿತಿ ದಾಟಿದ ಮೇಲಷ್ಟೇ ಕಂತು ಶುರು. ಐರ್ಲೆಂಡಿನ ಪೂರ್ಣ ಪದವಿಗೆ ಆ ಸಾಲ ಸಿಗುವುದಿಲ್ಲ ಎಂದೇ ಇಂಗ್ಲೆಂಡಿನ ಕುಟುಂಬಗಳು ಲೆಕ್ಕ ಹಾಕಿಕೊಳ್ಳಬೇಕು. ವಂತಿಕೆ, ಬಾಡಿಗೆ, ಊಟ ಎಲ್ಲವೂ ಕೈಯಿಂದ, ಆಯಾ ತಿಂಗಳೇ ಹೋಗುವ ಹಣ. ಎರಡನೆಯದು ಬಾಡಿಗೆ. ಡಬ್ಲಿನ್‌ನಲ್ಲಿ ಒಂದು ಕೋಣೆಗೆ ತಿಂಗಳಿಗೆ ಸಾವಿರ ಯೂರೊ ಕೇಳಿದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ನಾಲ್ಕನೆಯ ವರ್ಷದ ಬಾಡಿಗೆಯೊಂದೇ ಶುಲ್ಕದಲ್ಲಿ ಉಳಿಸಿದ್ದರ ದೊಡ್ಡ ಪಾಲನ್ನು ನುಂಗುತ್ತದೆ.

ಉತ್ತರ ಐರ್ಲೆಂಡಿನವರ ಸ್ಥಿತಿ ಬೇರೆ. ಅಲ್ಲಿನ ವಿದ್ಯಾರ್ಥಿ ಹಣಕಾಸು ವ್ಯವಸ್ಥೆ ಗಣರಾಜ್ಯದಲ್ಲಿ ಓದುವವರಿಗೂ ವಂತಿಕೆಯ ಸಾಲ ಕೊಡುತ್ತದೆ. ಸ್ಕಾಟ್ಲೆಂಡಿನ ಮಕ್ಕಳಿಗಂತೂ ಸ್ವಂತ ನಾಡಿನಲ್ಲೇ ಬೋಧನೆ ಉಚಿತ. ಹಣ ಉಳಿಸಲು ಎಂದು ಅವರು ಸಮುದ್ರ ದಾಟುವುದರಲ್ಲಿ ಅರ್ಥವಿಲ್ಲ.

ಐರ್ಲೆಂಡಿನ ಸ್ವಂತ ವಿದ್ಯಾರ್ಥಿ ಅನುದಾನಕ್ಕೆ ಸುಸಿ ಎಂದು ಹೆಸರು. ಅದರ ಜೀವನ ವೆಚ್ಚದ ಭಾಗ ಸಿಗಬೇಕಾದರೆ ಐರ್ಲೆಂಡಿನಲ್ಲೇ ಮೂರು ವರ್ಷ ವಾಸವಾಗಿರಬೇಕು. ಹೊಸದಾಗಿ ಬಂದವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಮುಖ್ಯ ದಿನಾಂಕಗಳು ಯಾವುವು?

ನವೆಂಬರ್ ಮೊದಲ ವಾರದಲ್ಲಿ ಸಿಎಒ ಅರ್ಜಿ ತೆರೆಯುತ್ತದೆ. ಜನವರಿ 20ರೊಳಗೆ ಕಟ್ಟಿದರೆ ಅರ್ಜಿ ಶುಲ್ಕದಲ್ಲಿ ರಿಯಾಯಿತಿ. ಫೆಬ್ರವರಿ 1, ಸಂಜೆ 5 ಗಂಟೆ ಸಾಮಾನ್ಯ ಗಡುವು. ಮೇ 1ರವರೆಗೆ ತಡ ಅರ್ಜಿಗೆ ಅವಕಾಶವಿದೆ. ಆದರೆ ವೈದ್ಯಕೀಯ, ಚಿತ್ರಕಲೆಯಂಥ ನಿರ್ಬಂಧಿತ ಕೋರ್ಸ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಮೇ ತಿಂಗಳಿಂದ ಜುಲೈ 1ರವರೆಗೆ ಆಯ್ಕೆಗಳನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹಣ ಕಟ್ಟಬೇಕಿಲ್ಲ.

ಯುಕಾಸ್‌ಗೆ ಬರೆಯುವಂತೆ ತನ್ನ ಬಗ್ಗೆ ತಾನೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಬೇಡವೇ?

ಬೇಡ. ಶಿಕ್ಷಕರ ಶಿಫಾರಸು ಪತ್ರ, ಸಂದರ್ಶನ ಇವೂ ಬಹುಪಾಲು ಕೋರ್ಸ್‌ಗಳಿಗೆ ಇಲ್ಲ. ಪಿಯಾನೊ ಎಂಟನೆಯ ದರ್ಜೆ, ವೃದ್ಧಾಶ್ರಮದಲ್ಲಿ ಸೇವೆ, ಡ್ಯೂಕ್ ಆಫ್ ಎಡಿನ್‌ಬರ ಪದಕ, ಯಾವುದನ್ನೂ ಯಾರೂ ಕೇಳುವುದಿಲ್ಲ. ಅಂಕ ಬಂದಿದೆಯೇ, ಸೀಟು ಇದೆ, ಬಂದಿಲ್ಲವೇ, ಇಲ್ಲ. ನಾಚಿಕೆ ಸ್ವಭಾವದ, ಓದಿನಲ್ಲಿ ಗಟ್ಟಿಯಾದ ಮಕ್ಕಳಿಗೆ ಇದು ವರ. ಪರೀಕ್ಷೆಯ ದಿನ ಎಡವುವ ಮಕ್ಕಳಿಗೆ ಕಷ್ಟ.

ಸಿಎಒ ಸೀಟು ಹಂಚುವುದು ಹೇಗೆ?

ಕರ್ನಾಟಕದ ಸಿಇಟಿಯಲ್ಲಿ ಆಪ್ಶನ್ ಎಂಟ್ರಿ ಮಾಡಿದ ಅಪ್ಪ ಅಮ್ಮಂದಿರಿಗೆ ಇದು ನೆರೆಮನೆಯ ಇಂಗ್ಲಿಷರಿಗಿಂತ ಬೇಗ ಅರ್ಥವಾಗುತ್ತದೆ. ಕೋರ್ಸ್‌ಗಳನ್ನು ನಿಮ್ಮ ಇಷ್ಟದ ಕ್ರಮದಲ್ಲಿ ಬರೆಯುತ್ತೀರಿ. ಫಲಿತಾಂಶ ಬಂದ ಮೇಲೆ ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ಅಂಕಕ್ಕೆ ಸಿಗುವ ಮೊದಲ ಕೋರ್ಸನ್ನು ಕೊಡುತ್ತದೆ. ಅದಕ್ಕಿಂತ ಕೆಳಗಿದ್ದ ಆಯ್ಕೆಗಳೆಲ್ಲ ಅಲ್ಲಿಗೆ ಅಳಿಸಿಹೋಗುತ್ತವೆ. ಮೇಲಿನವು ಮುಂದಿನ ಸುತ್ತಿಗೆ ಜೀವಂತವಾಗಿರುತ್ತವೆ. ಸಿಕ್ಕಿದ ಸೀಟನ್ನು ಒಪ್ಪಿಕೊಂಡರೂ ಮೇಲಿನ ಆಯ್ಕೆಯ ಅವಕಾಶ ತಪ್ಪುವುದಿಲ್ಲ.

ಎರಡು ಪಟ್ಟಿಗಳಿವೆ. ಲೆವೆಲ್ 8 ಎಂಬ ಪಟ್ಟಿಯಲ್ಲಿ ಹತ್ತು ಆಯ್ಕೆ, ಲೆವೆಲ್ 7 ಮತ್ತು 6 ಎಂಬುದರಲ್ಲಿ ಇನ್ನು ಹತ್ತು. ಬ್ರಿಟನ್‌ನಿಂದ ಬಂದವರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ಬ್ರಿಟನ್‌ನಲ್ಲಿ ಲೆವೆಲ್ 8 ಎಂದರೆ ಪಿಎಚ್‌ಡಿ, ಲೆವೆಲ್ 7 ಎಂದರೆ ಮಾಸ್ಟರ್ಸ್. ಐರ್ಲೆಂಡಿನ ಲೆವೆಲ್ 8 ಎಂದರೆ ಬ್ರಿಟನ್‌ನ ಆನರ್ಸ್ ಪದವಿಗೆ ಸಮ. ನಿಮಗೆ ಬೇಕಾದದ್ದು ಬಹುಮಟ್ಟಿಗೆ ಅದೇ. ಲೆವೆಲ್ 7 ಅಲ್ಲಿನ ಸಾಮಾನ್ಯ ಪದವಿ.

ಮೊದಲು ಖಾತ್ರಿಯಾಗಿ ಸಿಗುವ ಕೋರ್ಸ್ ಬರೆದು, ಕಷ್ಟದ್ದನ್ನು ಕೆಳಗೆ ಬರೆದರೆ ಒಳ್ಳೆಯದಲ್ಲವೇ?

ಇದಕ್ಕಿಂತ ದುಬಾರಿ ಜಾಣತನ ಇನ್ನೊಂದಿಲ್ಲ. ಒಬ್ಬ ಹುಡುಗಿಗೆ ಟ್ರಿನಿಟಿಯ ಕಾನೂನು ಬೇಕು. ಭಯಕ್ಕೆ ಬಿದ್ದು ಕಡಿಮೆ ಅಂಕಕ್ಕೆ ಸಿಗುವ ಬೇರೊಂದನ್ನು ಮೊದಲ ಸಾಲಿನಲ್ಲಿ ಬರೆದಳು ಎನ್ನಿ. ಆಗಸ್ಟ್‌ನಲ್ಲಿ ಕಾನೂನಿಗೆ ಸಾಕಾಗುವಷ್ಟು ಅಂಕ ಬಂದರೂ ಅವಳಿಗೆ ಸಿಗುವುದು ಆ ಮೊದಲ ಸಾಲಿನದೇ. ಕಾನೂನು ಎರಡನೆಯದಾಗಿತ್ತು, ಅಳಿಸಿಹೋಯಿತು. ಯಾರಿಗೆ ಪತ್ರ ಬರೆದರೂ ತಿರುಗಿ ಬರುವುದಿಲ್ಲ. ಆಸೆಯ ಕ್ರಮದಲ್ಲಿ ಬರೆಯಿರಿ. ಖಾತ್ರಿಯದ್ದು ಕೆಳಗಿರಲಿ, ಆದರೆ ಪಟ್ಟಿಯಲ್ಲಿ ಇದ್ದೇ ಇರಲಿ.

ಎ-ಲೆವೆಲ್ ಶ್ರೇಣಿಗಳು ಐರಿಶ್ ಅಂಕಗಳಾಗುವುದು ಹೇಗೆ?

ಐರಿಶ್ ಮಕ್ಕಳು ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಯ ಆರು ಅತ್ಯುತ್ತಮ ವಿಷಯಗಳಿಂದ ಅಂಕ ಕೂಡಿಸುತ್ತಾರೆ. ಒಂದಕ್ಕೆ ಗರಿಷ್ಠ 100, ಉನ್ನತ ಗಣಿತಕ್ಕೆ 25 ಹೆಚ್ಚುವರಿ, ಒಟ್ಟು 625. ಮೂರೇ ವಿಷಯ ಓದುವ ಬ್ರಿಟನ್‌ನ ಮಕ್ಕಳನ್ನು ಈ ಅಳತೆಗೆ ಕೂರಿಸುವುದು ಮೊದಲಿನಿಂದಲೂ ತಲೆನೋವು. ಬಹುಕಾಲ ನಾಲ್ಕು ಎ-ಲೆವೆಲ್, ಇಲ್ಲವೇ ಮೂರು ಎ-ಲೆವೆಲ್ ಜೊತೆಗೆ ಬೇರೆ ವಿಷಯದಲ್ಲಿ ಒಂದು ಎಎಸ್ (ಎ-ಲೆವೆಲ್‌ನ ಮೊದಲರ್ಧದಂಥ ಪರೀಕ್ಷೆ) ಇದ್ದವರಿಗೆ ಮಾತ್ರ ಪೂರ್ಣ ಅಂಕದ ದಾರಿ ತೆರೆದಿತ್ತು. ಮೂರು ಎ ಸ್ಟಾರ್ ತಂದ ಹುಡುಗ ವೈದ್ಯಕೀಯದಂಥ ಕೋರ್ಸ್‌ಗಳ ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಉತ್ತರ ಐರ್ಲೆಂಡಿನಿಂದ ಇದರ ಬಗ್ಗೆ ವರ್ಷಗಳ ಕಾಲ ದೂರು ಬಂದು, ವಿಶ್ವವಿದ್ಯಾಲಯಗಳು ಈಚೆಗೆ ಲೆಕ್ಕವನ್ನು ಸಡಿಲಗೊಳಿಸಿವೆ. ಅದಕ್ಕಾಗಿಯೇ ಅಣ್ಣನ ಕಾಲದ ಪಟ್ಟಿಯನ್ನು ನೋಡಿ ತಂಗಿಯ ಅಂಕ ಕೂಡಿಸಬೇಡಿ. ಆಯಾ ಪ್ರವೇಶ ವರ್ಷದ ಪಟ್ಟಿಯನ್ನು ಸಿಎಒ ಪ್ರಕಟಿಸುತ್ತದೆ.

ಎ-ಲೆವೆಲ್ ಗಣಿತ ಪಾಸಾದವರಿಗೂ ಆ 25 ಹೆಚ್ಚುವರಿ ಅಂಕ ಸಿಗುತ್ತದೆ. ಸ್ಕಾಟ್ಲೆಂಡಿನ ಶಾಲಾ ಪರೀಕ್ಷೆಗಳಾದ ಹೈಯರ್‌ಗಳಿಗೆ ಪ್ರತ್ಯೇಕ ಪಟ್ಟಿ ಇದೆ.

ಕಳೆದ ವರ್ಷದ ಕಟ್-ಆಫ್ ಅಂಕ ನನಗಿದೆ. ಸೀಟು ಗ್ಯಾರಂಟಿಯೇ?

ಇಲ್ಲ. ಕಟ್-ಆಫ್ ಎಂಬುದು ಯಾರೋ ಕುಳಿತು ನಿಗದಿ ಮಾಡಿದ್ದಲ್ಲ. ಕೊನೆಯ ಸೀಟು ಪಡೆದವರ ಅಂಕ ಅಷ್ಟೇ. ಈ ವರ್ಷ ಬೇಡಿಕೆ ಏರಿದರೆ ಅದೂ ಏರುತ್ತದೆ. ಇನ್ನೊಂದು ವಿಚಿತ್ರವಿದೆ. ಒಂದೇ ಅಂಕದಲ್ಲಿ ಹತ್ತು ಜನ ನಿಂತು, ಆರು ಸೀಟು ಉಳಿದಿದ್ದರೆ, ಪ್ರತಿ ಅರ್ಜಿಗೂ ಕಂಪ್ಯೂಟರ್ ಮೊದಲೇ ಕೊಟ್ಟಿರುವ ಯಾದೃಚ್ಛಿಕ ಸಂಖ್ಯೆ ತೀರ್ಪು ಕೊಡುತ್ತದೆ. ಶುದ್ಧ ಲಾಟರಿ. ಕಟ್-ಆಫ್ ಪಟ್ಟಿಯಲ್ಲಿ ಅಂಕದ ಪಕ್ಕ ಪುಟ್ಟ ನಕ್ಷತ್ರ ಕಂಡರೆ, ಅಷ್ಟೇ ಅಂಕ ಬಂದ ಕೆಲವರು ಹೊರಗುಳಿದರು ಎಂದು ಅರ್ಥ.

ಅಂಕ ಸಾಕಷ್ಟಿದ್ದರೂ ಅರ್ಜಿ ತಿರಸ್ಕೃತವಾಗಬಹುದೇ?

ಖಂಡಿತ. ಅಂಕಕ್ಕೂ ಮುಂಚೆ ಕನಿಷ್ಠ ಅರ್ಹತೆ ಎಂಬ ಬಾಗಿಲಿದೆ. ಸಾಮಾನ್ಯವಾಗಿ ಜಿಸಿಎಸ್‌ಇ (ಹದಿನಾರರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) ಮತ್ತು ಎ-ಲೆವೆಲ್ ಸೇರಿ ಆರು ಬೇರೆ ಬೇರೆ ವಿಷಯಗಳಿರಬೇಕು, ಅವುಗಳಲ್ಲಿ ಎರಡು ಎ-ಲೆವೆಲ್‌ನಲ್ಲಿ ಕನಿಷ್ಠ ಸಿ ಶ್ರೇಣಿಯವು. ಇಂಗ್ಲಿಷ್ ಬೇಕು. ಟ್ರಿನಿಟಿ ಇದರ ಮೇಲೆ ಗಣಿತವನ್ನೂ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆಯನ್ನೂ ಕೇಳುತ್ತದೆ; ಲ್ಯಾಟಿನ್ ಓದಿದವರಿಗೆ ಮಾತ್ರ ಬೇರೊಂದು ದಾರಿಯಿದೆ. ರಾಷ್ಟ್ರೀಯ ವಿಶ್ವವಿದ್ಯಾಲಯದ ಕೂಟಕ್ಕೆ ಸೇರಿದ ಯುಸಿಡಿ, ಕಾರ್ಕ್, ಗಾಲ್ವೇ, ಮೇನೂತ್‌ಗಳಲ್ಲಿ ಕಲಾ ವಿಭಾಗದಂಥ ಕೋರ್ಸ್‌ಗಳಿಗೆ ಇನ್ನೊಂದು ಭಾಷೆ ಬೇಕು. ಎಂಜಿನಿಯರಿಂಗ್, ವಿಜ್ಞಾನಗಳಿಗೆ ಬೇಡ.

ಪೆಟ್ಟು ಬೀಳುವುದು ಇಲ್ಲೇ. ಇಂಗ್ಲೆಂಡಿನ ಶಾಲೆಗಳಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಫ್ರೆಂಚನ್ನೋ ಸ್ಪ್ಯಾನಿಷನ್ನೋ ಬಿಟ್ಟು ಕಂಪ್ಯೂಟರ್ ಸೈನ್ಸ್ ಹಿಡಿಯಬಹುದು. ನಮ್ಮ ಮಕ್ಕಳಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ, ಅಪ್ಪ ಅಮ್ಮನ ಒತ್ತಾಸೆಯೂ ಇರುತ್ತದೆ. ನಾಲ್ಕು ವರ್ಷದ ನಂತರ ಟ್ರಿನಿಟಿಯ ಬಾಗಿಲು ಅದೇ ಕಾರಣಕ್ಕೆ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ನಿರರ್ಗಳವಾಗಿ ಮಾತನಾಡುವ ಕನ್ನಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಜಿಸಿಎಸ್‌ಇಯಲ್ಲಿ ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಮಗ ಈಗ ಶಾಲೆಯ ಇಯರ್ 9ರಲ್ಲಿದ್ದು, ಐರ್ಲೆಂಡ್ ಮನಸ್ಸಿನ ಮೂಲೆಯಲ್ಲಾದರೂ ಇದ್ದರೆ, ಒಂದು ಭಾಷೆ ಉಳಿಸಿಕೊಳ್ಳಲಿ.

ಐರಿಶ್ ಭಾಷೆ ಗೊತ್ತಿರಬೇಕೇ?

ಬೇಡ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ರಾಷ್ಟ್ರೀಯ ವಿಶ್ವವಿದ್ಯಾಲಯದ ಕಾಲೇಜುಗಳು ಐರಿಶ್ ಕೇಳುತ್ತವಾದರೂ ಗಣರಾಜ್ಯದ ಹೊರಗೆ ಹುಟ್ಟಿ ಓದಿದವರಿಗೆ ವಿನಾಯಿತಿ ಇದೆ. ಆ ವಿನಾಯಿತಿ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಿ ಪಡೆಯಬೇಕು. ಡಬ್ಲಿನ್ ಬಸ್ಸಿನ ಹಣೆಯ ಮೇಲೆ "ಅನ್ ಲಾರ್" ಎಂದು ಕಂಡರೆ ಅದು ನಗರದ ನಡುಭಾಗಕ್ಕೆ ಹೋಗುತ್ತದೆ. ಸದ್ಯಕ್ಕೆ ಅಷ್ಟು ಐರಿಶ್ ಸಾಕು.

ವೈದ್ಯಕೀಯಕ್ಕೆ ಬ್ರಿಟನ್‌ನ ಪ್ರವೇಶ ಪರೀಕ್ಷೆ ಯುಕ್ಯಾಟ್‌ನ ಅಂಕ ನಡೆಯುತ್ತದೆಯೇ?

ನಡೆಯುವುದಿಲ್ಲ. ಐರ್ಲೆಂಡಿಗೆ ಎಚ್‌ಪ್ಯಾಟ್ ಎಂಬ ಬೇರೆಯೇ ಪರೀಕ್ಷೆ ಬರೆಯಬೇಕು. ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ, ಆ ಫಲಿತಾಂಶ ಆ ವರ್ಷದ ಪ್ರವೇಶಕ್ಕಷ್ಟೇ ಸಲ್ಲುತ್ತದೆ. ಅದರ ಸಾಮಾನ್ಯ ನೋಂದಣಿ ಜನವರಿಯಲ್ಲೇ ಮುಗಿಯುತ್ತದೆ. ಸಿಎಒ ಗಡುವಿನವರೆಗೆ ಕಾಯುತ್ತಾ ಕುಳಿತವರಿಗೆ ಆ ವರ್ಷ ವೈದ್ಯಕೀಯ ತಪ್ಪಿಹೋಗಬಹುದು. ಫೆಬ್ರವರಿ 1ರ ವೇಳೆಗೆ ಸಿಎಒ ಪಟ್ಟಿಯಲ್ಲಿ ವೈದ್ಯಕೀಯ ಕೋರ್ಸ್ ಇರಲೇಬೇಕು. ಸಂಕೇತ ಸಂಖ್ಯೆಗಳನ್ನು ಎರಡು ಸಲ ನೋಡಿಕೊಳ್ಳಿ: ಟಿಆರ್051 ಟ್ರಿನಿಟಿಯದು, ಡಿಎನ್400 ಯುಸಿಡಿಯದು, ಸಿಕೆ701 ಕಾರ್ಕ್‌ನದು. ಬೇರೆ ಪದವಿ ಮುಗಿಸಿ ವೈದ್ಯಕೀಯಕ್ಕೆ ಬರುವವರಿಗೆ ಗ್ಯಾಮ್‌ಸ್ಯಾಟ್ ಎಂಬ ಪರೀಕ್ಷೆಯ ಮೂಲಕ ಪ್ರತ್ಯೇಕ ದಾರಿಯಿದೆ.

ಯುಕಾಸ್‌ನಲ್ಲಿ, ಇಂತಿಷ್ಟು ಶ್ರೇಣಿ ಬಂದರೆ ಸೀಟು ಎಂಬ ಷರತ್ತಿನ ಆಫರ್ ಸಿಕ್ಕಿದೆ. ಐರ್ಲೆಂಡಿನಿಂದ ಯಾವಾಗ ತಿಳಿಯುತ್ತದೆ?

ಆಗಸ್ಟ್ ಕೊನೆಯಲ್ಲಿ. ಸಿಎಒ ಷರತ್ತಿನ ಆಫರ್ ಕೊಡುವುದೇ ಇಲ್ಲ. 2025ರಲ್ಲಿ ಎ-ಲೆವೆಲ್ ಫಲಿತಾಂಶ ಬಂದದ್ದು ಆಗಸ್ಟ್ 14ರಂದು. ಸಿಎಒ ಮೊದಲ ಸುತ್ತಿನ ಸೀಟುಗಳು ಹೊರಬಿದ್ದದ್ದು 27ರಂದು. ಐರಿಶ್ ಮಕ್ಕಳ ಫಲಿತಾಂಶ ಬರುವವರೆಗೆ ಎಲ್ಲರೂ ಕಾಯಬೇಕು. ಈ ಎರಡು ವಾರದಲ್ಲಿ ಬ್ರಿಟನ್‌ನ ವಿಶ್ವವಿದ್ಯಾಲಯ ನಿಮ್ಮ ಸೀಟನ್ನು ಖಚಿತಪಡಿಸಿ, ಹಾಸ್ಟೆಲಿನ ಮುಂಗಡ ಕೇಳಿರುತ್ತದೆ. ಸೀಟನ್ನು ಹಿಡಿದುಕೊಂಡೇ ಇರಿ. ಐರ್ಲೆಂಡ್ ಸಿಕ್ಕಿದ ಮೇಲೆ ಬಿಡುಗಡೆ ಕೇಳಬಹುದು. ಹಾಸ್ಟೆಲ್ ಒಪ್ಪಂದದಲ್ಲಿ ಮಾತ್ರ ರದ್ದತಿಯ ನಿಯಮ ಏನಿದೆ ಎಂದು ಸಹಿಗೆ ಮುಂಚೆ ಓದಿ.

ಎ-ಲೆವೆಲ್ ಫಲಿತಾಂಶ ನಿಮ್ಮ ಸಿಎಒ ಖಾತೆಗೆ ಸರಿಯಾಗಿ ಸೇರಬೇಕಾದರೆ ಶಾಲೆಯ ಕೇಂದ್ರ ಸಂಖ್ಯೆ, ನಿಮ್ಮ ಅಭ್ಯರ್ಥಿ ಸಂಖ್ಯೆ ಎರಡೂ ಅರ್ಜಿಯಲ್ಲಿ ತಪ್ಪಿಲ್ಲದೆ ಇರಬೇಕು. ಜಿಸಿಎಸ್‌ಇ ಪ್ರಮಾಣಪತ್ರಗಳ ಪ್ರತಿಗಳನ್ನು ಅರ್ಜಿ ಹಾಕಿದ ಕೂಡಲೇ ಕಳುಹಿಸಿ.

ವಾಸಕ್ಕೆ ಕೋಣೆ ಸಿಗುತ್ತದೆಯೇ?

ಇಡೀ ಪ್ರಯತ್ನದಲ್ಲಿ ಅತಿ ಕಷ್ಟದ ಭಾಗ ಇದು. ಪ್ರವೇಶಕ್ಕಿಂತ ಕಷ್ಟ ಎಂದರೂ ಉತ್ಪ್ರೇಕ್ಷೆಯಲ್ಲ. ಆಗಸ್ಟ್ ಕೊನೆಗೆ ಸೀಟು, ಸೆಪ್ಟೆಂಬರ್‌ನಲ್ಲಿ ತರಗತಿ. ಆ ಕೆಲವೇ ವಾರಗಳಲ್ಲಿ ಸಾವಿರಾರು ಮಂದಿ ಒಂದೇ ಬಾರಿಗೆ ಕೋಣೆ ಹುಡುಕುತ್ತಾರೆ. ಕ್ಯಾಂಪಸ್ ಹಾಸ್ಟೆಲಿನ ಅರ್ಜಿಗಳು ಬಹಳ ಕಡೆ ವರ್ಷದ ಮೊದಲ ಭಾಗದಲ್ಲೇ ತೆರೆಯುತ್ತವೆ. ಸೀಟು ಸಿಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಹಾಕಿ. ಕಾರ್ಕ್, ಗಾಲ್ವೇ, ಲಿಮೆರಿಕ್ ಡಬ್ಲಿನ್‌ಗಿಂತ ಸ್ವಲ್ಪ ಅಗ್ಗ, ಸುಲಭವಲ್ಲ.

ಡಿಗ್ಸ್ ಎಂಬ ಪದ್ಧತಿಯಿದೆ: ಒಂದು ಕುಟುಂಬದ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ, ಕೆಲವೊಮ್ಮೆ ಬೆಳಗಿನ ತಿಂಡಿಯೂ ಸೇರಿ. ಅಗ್ಗ, ಸುರಕ್ಷಿತ. ಆದರೆ ಜಾಹೀರಾತನ್ನು ಕೊನೆಯವರೆಗೆ ಓದಿ. "ಸೋಮವಾರದಿಂದ ಶುಕ್ರವಾರ ಮಾತ್ರ" ಎಂದಿದ್ದರೆ ವಾರಾಂತ್ಯಕ್ಕೆ ಕೋಣೆ ಖಾಲಿ ಮಾಡಬೇಕು. ಶುಕ್ರವಾರ ಸಂಜೆ ಬಸ್ ಹತ್ತಿ ಊರಿಗೆ ಹೋಗುವ ಐರಿಶ್ ಹುಡುಗರಿಗೆ ಅದು ಸರಿ; ಲೆಸ್ಟರ್‌ನಿಂದ ಬಂದವಳು ಎಲ್ಲಿಗೆ ಹೋಗಬೇಕು? ಅಡುಗೆಮನೆ ಬಳಸಬಹುದೇ ಎಂದೂ ಕೇಳಿ. ಒಗ್ಗರಣೆಯ ಘಾಟಿಗೆ ಮುಖ ಸಿಂಡರಿಸುವ ಮನೆಯವರೂ ಇದ್ದಾರೆ. ಮನೆಯೊಡೆಯರ ಜೊತೆಯಲ್ಲೇ ಇರುವವರಿಗೆ ಬಾಡಿಗೆದಾರರ ಕಾನೂನಿನ ಪೂರ್ಣ ರಕ್ಷಣೆ ಇಲ್ಲ ಎಂಬುದೂ ತಿಳಿದಿರಲಿ.

ಕೋಣೆ ನೋಡದೆ ಯಾರಿಗೂ ಹಣ ಕಳುಹಿಸಬೇಡಿ. "ನಾನು ವಿದೇಶದಲ್ಲಿದ್ದೇನೆ, ಮುಂಗಡ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ" ಎನ್ನುವವರು ಪ್ರತಿ ವರ್ಷವೂ ಹುಟ್ಟಿಕೊಳ್ಳುತ್ತಾರೆ.

ಓದುತ್ತಾ ಕೆಲಸ ಮಾಡಬಹುದೇ? ಹುಷಾರು ತಪ್ಪಿದರೆ?

ಬ್ರಿಟಿಷ್ ಪೌರರಿಗೆ ಪರವಾನಗಿ ಬೇಡ. ತೆರಿಗೆ, ಸರ್ಕಾರಿ ಸೇವೆಗಳಿಗೆ ಬೇಕಾಗುವ ಗುರುತಿನ ಸಂಖ್ಯೆಯಾದ ಪಿಪಿಎಸ್ ಸಂಖ್ಯೆ ಮಾಡಿಸಿಕೊಂಡರೆ ಸಾಕು. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 13.50 ಯೂರೊ ಇತ್ತು. ಹದಿನೆಂಟರವರಿಗೆ ಅದರ ಶೇ 80, ಹತ್ತೊಂಬತ್ತರವರಿಗೆ ಶೇ 90 ಕೊಟ್ಟರೂ ಕಾನೂನಿಗೆ ಸಾಕು. ವೈದ್ಯರ ವಿಷಯದಲ್ಲಿ ಎನ್‌ಎಚ್‌ಎಸ್‌ನ ಉಚಿತ ಚಿಕಿತ್ಸೆಯ ಅಭ್ಯಾಸ ಬಿಡಬೇಕು. ಊರಿನ ಕ್ಲಿನಿಕ್ಕಿಗೆ ಒಮ್ಮೆ ಹೋದರೆ ಸಾಮಾನ್ಯವಾಗಿ 50ರಿಂದ 70 ಯೂರೊ. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆರೋಗ್ಯ ಕೇಂದ್ರವಿದೆ. ಮೊದಲು ಅಲ್ಲಿಗೆ ಹೋಗಿ.

ಸೀಟು ಸಿಕ್ಕ ಮೇಲೆ ಒಂದು ವರ್ಷ ತಡವಾಗಿ ಸೇರಬಹುದೇ?

ಬಹುಪಾಲು ಕೋರ್ಸ್‌ಗಳಲ್ಲಿ ಕೇಳಬಹುದು. ಕ್ರಮ ಮಾತ್ರ ಯುಕಾಸ್‌ನದಲ್ಲ. ಆಫರ್ ಬಂದ ಕೂಡಲೇ ಸಿಎಒದಲ್ಲಿ ಒಪ್ಪಿಗೆಯ ಗುಂಡಿ ಒತ್ತಬೇಡಿ. ಕೋರ್ಸ್ ಸಂಕೇತ, ಸಿಎಒ ಸಂಖ್ಯೆ, ಮುಂದೂಡುವ ಕಾರಣ ಬರೆದು ಕಾಲೇಜಿನ ಪ್ರವೇಶ ಕಚೇರಿಗೆ ತಕ್ಷಣ ಇಮೇಲ್ ಕಳುಹಿಸಿ. ಅವರು ಒಪ್ಪಿದರೆ, ಮುಂದಿನ ವರ್ಷ ಸಿಎಒಗೆ ಮತ್ತೆ ಶುಲ್ಕ ಕಟ್ಟಿ, ಅದೊಂದೇ ಕೋರ್ಸನ್ನು ಬರೆದು ಅರ್ಜಿ ಹಾಕಬೇಕು. ಪಕ್ಕದಲ್ಲಿ ಇನ್ನೊಂದು ಆಯ್ಕೆ ಸೇರಿಸಿದರೆ ಕಾದಿಟ್ಟ ಸೀಟು ಹೋಗುತ್ತದೆ.